ಬೋರ್ಡು ಬರೆಯುವವನ ಲೆಕ್ಕ

ವಿರಾಜಪೇಟೆಯಿಂದ ಮೊದಲ ಬಸ್ಸಿಗೆ ಹೊರಟೆ,
ಎರಡು ಡಬ್ಬಿ ಎನಾಮಲ್, ಮೂರು ಕುಂಚ,
ಬುತ್ತಿಯಲ್ಲಿ ನೂಪುಟ್ಟು.
ಕಕ್ಕಬ್ಬೆ ದಾಟಿ, ಜೀಪು ಹತ್ತಿ, ಜೀಪೂ ನಿಂತ ಮೇಲೆ
ಏಲಕ್ಕಿ ತೋಟದಂಚಲ್ಲಿ ಮುಕ್ಕಾಲು ಗಂಟೆ ನಡಿಗೆ.
ಜಿಗಣೆಗೆಂದು ಕಾಲ್ಚೀಲಕ್ಕೆ ಉಪ್ಪು ಸವರಿದ್ದೆ;
ಆದರೂ ಎರಡು ಹತ್ತಿದವು.

ಪಂಚಾಯಿತಿಯವರು ಅಡಿ ಲೆಕ್ಕದಲ್ಲಿ ಕೊಡುತ್ತಾರೆ.
ನಾಲ್ಕಡಿ ಅಗಲ, ಮೂರಡಿ ಎತ್ತರ, ಹಳದಿ ಮೇಲೆ ಕಪ್ಪು:
ಅಪಾಯ. ನೀರಿಗೆ ಇಳಿಯಬೇಡಿ.
ಕೆಳಗೆ ಕೆಂಪಲ್ಲಿ, ಇಲ್ಲಿ ಇದುವರೆಗೆ ತೀರಿಕೊಂಡವರು,
ಆಮೇಲೆ ಎರಡಂಕಿ.
ಹೋದ ವರ್ಷ ನಾನೇ ಬರೆದದ್ದು ೧೧.
ಹೊಸ ಹಲಗೆ ಬೇಡ, ಅಂಕಿ ತಿದ್ದಿದರೆ ಸಾಕು,
ಅಂದರು ಕಾರ್ಯದರ್ಶಿ.

ಕನ್ನಡದ ಒಂದನ್ನು ಎರಡು ಮಾಡುವುದು ಕಷ್ಟವಲ್ಲ,
ಅದೇ ಸುಳಿಗೆ ಕೆಳಗೊಂದು ಬಾಲ.
ಮೂರಕ್ಕೆ ಇನ್ನೊಂದು ಕೊಂಕು.
ಈ ಅಂಕಿಗಳನ್ನು ಯಾರು ಮಾಡಿದರೋ,
ಅವರೂ ಯಾವುದೋ ಮಡುವಿನ ದಡದಲ್ಲಿ
ಕೂತಿದ್ದವರೇ ಇರಬೇಕು.

ಕಾವಲಿನ ಕುಡಿಯರ ಪೂವಯ್ಯ
ನನ್ನ ಅಕ್ಷರ ನೋಡುವುದಿಲ್ಲ, ನೀರು ನೋಡುತ್ತಾನೆ.
ಹನ್ನೆರಡರಲ್ಲಿ ಒಂಬತ್ತನ್ನು ಹಗ್ಗ ಕಟ್ಟಿ ಎಳೆದವನು.
"ಇಲ್ಲಿ ಬಿಸಿಲಿದ್ದರೇನು,
ತಡಿಯಂಡಮೋಳಿನ ನೆತ್ತಿ ಕಾಣುತ್ತಿಲ್ಲ ನೋಡು.
ಮೊದಲು ತರಗೆಲೆ ಬರುತ್ತದೆ.
ಆಮೇಲೆ ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ.
ಆಮೇಲೆ ಸದ್ದು ದಪ್ಪವಾಗುತ್ತದೆ.
ಎಲೆಗೇ ಎದ್ದವನು ಮನೆಗೆ ಹೋಗುತ್ತಾನೆ,
ಸದ್ದಿಗೆ ಎದ್ದವನ ಚಪ್ಪಲಿ ನನ್ನ ಗುಡಿಸಲಲ್ಲಿದೆ."
ಒಣಗಿದಂತೆ ಕಂಡ ಬಂಡೆಯನ್ನೂ ನಂಬಬಾರದಂತೆ,
ಪಾಚಿ ಅಲ್ಲೂ ಮಲಗಿರುತ್ತದೆ.
ಫೋಟೋಗೆಂದು ನೀರಿಗೆ ಬೆನ್ನು ಕೊಡಬಾರದು,
ಆನೆಗೆ ಕೊಡುತ್ತೇವೆಯೇ?

ಇಷ್ಟಕ್ಕೆಲ್ಲ ಹನ್ನೆರಡು ಚದರಡಿ ಸಾಲದು.
ಎಲೆಯ ಮಾತೊಂದನ್ನಾದರೂ ಇರಲಿ ಎಂದು
ಅಡಿಯ ಖಾಲಿ ಪಟ್ಟಿಯಲ್ಲಿ ಸಣ್ಣಗೆ ಬರೆದೆ:
ನೀರಲ್ಲಿ ತರಗೆಲೆ ಕಂಡರೆ ಎದ್ದು ಬನ್ನಿ.
ಬಿಲ್ಲಿಗೆ ಸೇರಿಸಲಿಲ್ಲ.

ಹನ್ನೊಂದೂವರೆಗೆ ಕಾಲೇಜಿನ ಗುಂಪು,
ನಗು, ಚಿಪ್ಸು, ಬೆನ್ನಿಗೊಂದು ಸ್ಪೀಕರು.
ಬೋರ್ಡು ಯಾರೂ ಓದಲಿಲ್ಲ.
ಒಬ್ಬಳು ಮಾತ್ರ, ಹಸಿಯೋ ಒಣಗಿದೆಯೋ ನೋಡಲು,
ಎರಡರ ಬಾಲಕ್ಕೆ ಬೆರಳಿಟ್ಟಳು.
ಕೆಂಪಾಯಿತು.
ಅಯ್ಯೋ, ತೊಳ್ಕೊಂಡು ಬರ್ತೀನಿ ಎಂದು
ಮಡುವಿನತ್ತ ತಿರುಗಿದಳು.

ಮೂವತ್ತು ವರ್ಷ ಬರೆದೇ ಹೇಳಿದವನು,
ಹಸೈನಾರ್ ಆರ್ಟ್ಸಿನ ನಾನು,
ಅವತ್ತು ಬಾಯಿಬಿಟ್ಟು ಕೂಗಿದೆ:
"ಈ ಬಣ್ಣ ನೀರಿಗೆ ಹೋಗಲ್ಲ ಮಗಳೇ,
ಇಲ್ಲಿ ಬಾ, ಟರ್ಪೆಂಟೈನ್ ಇದೆ."

ಬಂದಳು. ಬೆರಳು ಒರೆಸಿಕೊಳ್ಳುತ್ತಾ
ಸಣ್ಣಕ್ಷರದ ಮೇಲೆ ಕಣ್ಣಾಡಿಸಿದಳು.
ಪೂವಯ್ಯ ಆಗಲೇ ಎದ್ದು ನಿಂತು
ಸೀಟಿಗೆ ಜೇಬು ತಡಕುತ್ತಿದ್ದ.

"ಅಂಕಲ್, ತರಗೆಲೆ ಅಂದ್ರೆ?"

ಕಾಲ ಬುಡದಿಂದ ಒಂದನ್ನು ಹೆಕ್ಕಿ
ಅವಳ ಅಂಗೈ ಮೇಲಿಟ್ಟೆ.