ಯಾವ ತಿಂಗಳ ಭಾರ

ಗ್ಲೆಂಡೈವ್ ಊರಿನ ಟೈರಂಗಡಿಯಲ್ಲಿ ಆರಿನ್ ಕೇಳಿದ:
"ಹಿಂದೆ ಕಟ್ಟಿ ಎಳೆಯೋದು ಎಷ್ಟು ಭಾರ?"
ಮಾರ್ವಾ ಲಿಂಡ್‌ಕ್ವಿಸ್ಟ್ ತಟ್ಟನೆ ಹೇಳಲಿಲ್ಲ.
ಕೈಗವಸು ಬಿಚ್ಚಿ, ಬೆರಳಿಗಂಟಿದ ಮೇಣವನ್ನು
ಉಗುರಿನಿಂದ ಕೆರೆಯುತ್ತ
"ಯಾವ ತಿಂಗಳ ಭಾರ?" ಅಂದಳು.

ಮೇ ತಿಂಗಳಲ್ಲಿ ನಲವತ್ತು ಜೇನುಪೆಟ್ಟಿಗೆ
ಬರೀ ಗುಂಯ್ಗುಡುವ ಸದ್ದು. ಟ್ರೇಲರ್ ಇದೆಯೋ ಇಲ್ಲವೋ
ಕನ್ನಡಿ ನೋಡಿಯೇ ತಿಳಿಯಬೇಕು.
ಆಗಸ್ಟಿನಲ್ಲಿ ಅವೇ ಪೆಟ್ಟಿಗೆ
ಕ್ಲೋವರ್ ಬಯಲನ್ನೆಲ್ಲ ಕುಡಿದು ಕೂತಿರುತ್ತವೆ;
ಇಳಿಜಾರಿನಲ್ಲಿ ಟ್ರಕ್ಕನ್ನೇ ಹಿಂದಿನಿಂದ ದೂಡುತ್ತವೆ
ಬಸ್ಸು ತಪ್ಪೀತೆಂಬ ನೆಂಟರ ಹಾಗೆ.

ಅವನು ಎರಡು ಟೈರು ಉರುಳಿಸಿ ತಂದ.
ಒಂದು ಮೆತ್ತಗೆ, ಸದ್ದಿಲ್ಲದ್ದು, ಅಗ್ಗ.
ಇನ್ನೊಂದು ಹತ್ತು ಪದರದ್ದು, ಪಕ್ಕೆ ಒತ್ತಿದರೆ
ಬೆರಳೇ ಸೋಲಬೇಕು.
"ಖಾಲಿ ಓಡಿಸಿದರೆ ಸೊಂಟ ಹೋಗುತ್ತೆ," ಎಂದ,
ವ್ಯಾಪಾರಿ ಹೇಳಬಾರದ್ದನ್ನು.

ಹಳೆಯವು ಮೂಲೆಯಲ್ಲಿ ಬಿದ್ದಿದ್ದವು.
ಅಚ್ಚು ಇನ್ನೂ ಆಳ, ನಾಣ್ಯದಂಚು ಮುಳುಗುವಷ್ಟು;
ಪಕ್ಕೆಯಲ್ಲಿ ಮಾತ್ರ ಕೂದಲೆಳೆ ಬಿರುಕು.
ಬಗ್ಗಿ ನಾಲ್ಕು ಅಂಕಿ ಓದಿದ: ಹನ್ನೊಂದು ವರ್ಷ.
"ಓಡಿ ಸವೆದದ್ದಲ್ಲ ಇದು. ನಿಂತು ಸವೆದದ್ದು."

ಅವಳು ನಕ್ಕಳು, ಯಾಕೋ ಮೊಣಕಾಲು ನೀವಿಕೊಂಡು.

ನಾಲ್ಕೂ ಹತ್ತು ಪದರದ್ದೇ. ಗಾಳಿ ಎಂಬತ್ತು.
ಮನೆದಾರಿಯಲ್ಲಿ ಖಾಲಿ ಟ್ರಕ್ಕು
ಒಂದೊಂದು ಕಲ್ಲನ್ನೂ ಹೆಸರು ಹಿಡಿದು ಕೂಗಿತು.
ಸೀಟಿನ ಮೇಲಿದ್ದ ಕಾಫಿ ತುಳುಕಿ ರಶೀದಿ ನೆನೆಯಿತು.
ಹಲ್ಲು ಕಚ್ಚಿ ಸ್ಟೀರಿಂಗ್ ಹಿಡಿದಳು:
ಇನ್ನೂ ಹೂವಿಗೇ ಇಳಿಯದ ಜೇನಿಗೆ
ಇವತ್ತಿನಿಂದಲೇ
ಕುಲುಕಾಟದ ಕಂತು.