ಕುಲಾವಿ

ತಾರ್ತುವಿನಲ್ಲಿ ನದಿ ಹೆಪ್ಪುಗಟ್ಟಿದ ರಾತ್ರಿ
ವಿರ್ವೆ ಹದಿನಾರು ಕೈಗಳಿಗೆ ಕೆಲಸ ಹಂಚಿದಳು.
ಕಂಪ್ಯೂಟರಿನ ಫ್ಯಾನು ಭೋರೆಂದಿತು; ಬೆಕ್ಕು ಬಂದು
ಮೇಜಿನಡಿ ಬೆಚ್ಚಗೆ ಕೂತಿತು.
ನಲವತ್ತನೇ ನಿಮಿಷಕ್ಕೆ ಎಲ್ಲ ನಿಂತು
ಕೊನೆಯಲ್ಲಿ ಉಳಿದದ್ದು: ಎರರ್ ಎರಡು.
ಅಷ್ಟೆ. ಸತ್ತವನ ಕೂಗಿನ ಮೇಲೆ
ಉಳಿದ ಹದಿನೈದು ಮಂದಿ ಮಾತಾಡಿಬಿಟ್ಟಿದ್ದರು.

ಮತ್ತೆ ಓಡಿಸಿದಳು. ಬೇರೆಲ್ಲೋ ಬಿತ್ತು.
ಒಂದೇ ಕೈಗೆ ಕೊಟ್ಟು, ಒಲೆಗೆ ಬರ್ಚ್ ಸೌದೆ ತುರುಕಿ
ಬೆಳಗಿನವರೆಗೆ ಕಾದಳು.
ತಕರಾರಿಲ್ಲದೆ ಕಟ್ಟಿ ಮುಗಿಸಿತು.
ಅವಳಿಗೆ ಅದೇ ಕಿರಿಕಿರಿ.

ಹಳೇ ಲಾಗಿನಲ್ಲಿ ಆರುನೂರು ಸಾಲು ಮೇಲೆ ಸಿಕ್ಕಿದ,
ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಲು ಕೂತು
ತಲೆಯಳತೆ ಕೇಳುತ್ತಿದ್ದವನು.
‘ಅದಾದ ಮೇಲೆ ನೀನು’ ಎಂದು
ಹನ್ನೊಂದು ವರ್ಷ ಯಾರೂ ಅವನಿಗೆ ಹೇಳಿರಲಿಲ್ಲ.
ಒಬ್ಬೊಬ್ಬರೇ ದುಡಿಯುವಾಗ
ಹೇಳಬೇಕಾಗಿಯೂ ಇರಲಿಲ್ಲ.

ಒಂದು ಸಾಲು ಸೇರಿಸಿದಳು. ಮತ್ತೆ ಹದಿನಾರು.
ಒಲೆ ಬಿಟ್ಟು ಬೆಕ್ಕು ಎದ್ದು ಬಂತು.