ಖಾಲಿ ಚೌಕ

ಅಮ್ಮನ ಹೆಣಿಗೆ ಪುಸ್ತಕಕ್ಕೆ ಅಂಚೇ ಇರಲಿಲ್ಲ.
ಮೀನು ಕಾರ್ಖಾನೆಯ ರಸೀತಿಗಳ ಬೆನ್ನ ಮೇಲೆ
ಮೂಲೆಯಿಂದ ಮೂಲೆಗೆ ಬರೆದಿದ್ದಳು,
ಕಾಗದ ಮುಗಿದರೆ ಸಾಲು ಬಾಗಿ
ದೋಣಿಮನೆಯ ಹಗ್ಗದ ಹಾಗೆ ಸುತ್ತಿಕೊಂಡು ಮೇಲಕ್ಕೆ.

ಈಗ ನಾನು, ರನ್‌ವಾ, ಕ್ಲಾಕ್ಸ್‌ವೀಕಿನ ಅಡುಗೆಮನೆಯಲ್ಲಿ,
ಗಾಳಿ ಕಿಟಕಿಗೆ ಉಪ್ಪು ಉಜ್ಜುತ್ತಿರುವಾಗ,
ಅದಕ್ಕೆ ಅಂಚು ಹಚ್ಚುತ್ತಿದ್ದೇನೆ:
ಎಡಕ್ಕೆ ನೂರಕ್ಕೆ ಐದು, ಬಲಕ್ಕೆ ನೂರಕ್ಕೆ ಐದು.
ಅಳತೆಯನ್ನು ಅಂಕಿಗೆ ಕಟ್ಟಿಹಾಕಬೇಡ, ಪಾಲಿನಲ್ಲಿ ಹೇಳು,
ಇಷ್ಟು ಕಲಿಯಲು ನನಗೆ ಮೂರು ವಾರ ಹಿಡಿಯಿತು.
ಅಮ್ಮನಿಗೆ ಮೊದಲೇ ಗೊತ್ತಿತ್ತು.
ತೋಳು ಎಷ್ಟುದ್ದ ಎಂದರೆ ಅವಳು ಟೇಪು ಹುಡುಕುತ್ತಿರಲಿಲ್ಲ,
"ಯಾರ ತೋಳು?" ಎನ್ನುತ್ತಿದ್ದಳು.

ಮೇಜಿನ ಮೇಲೆ ನನ್ನ ಫೋನು,
ಪಕ್ಕದ ಮನೆಯ ಸುನ್‌ವಾ ಎರವಲು ಕೊಟ್ಟ ಟ್ಯಾಬ್ಲೆಟ್ಟು.
ಮೂರನೆಯದು ಇಲ್ಲಿಲ್ಲ:
ಗ್ರೀನ್‌ಲ್ಯಾಂಡಿನ ನೀರಿನಲ್ಲಿ ತೇಲುತ್ತಿದೆ,
ಹಾನುಸ್ ಮಾವನ ದಿಂಬಿನಡಿಯ ಹಳೆಯ ಬೂದು ಓದುಪೆಟ್ಟಿಗೆ.

ನಕಾಶೆ ಇಪ್ಪತ್ತನಾಲ್ಕು ಕುಣಿಕೆ ಅಗಲ.
ಟ್ಯಾಬ್ಲೆಟ್ಟಿನಲ್ಲಿ ನಕ್ಷತ್ರ ನಕ್ಷತ್ರವಾಗಿಯೇ ಕೂತಿತು.
ಫೋನಿನಲ್ಲಿ ಹದಿನೇಳನೆಯ ಕುಣಿಕೆಗೆ ಸಾಲು ಮುರಿದು
ಉಳಿದ ಏಳು ಕೆಳಗೆ ಜಾರಿ
ನಕ್ಷತ್ರ ಏಡಿಯಾಯಿತು.
ಕೋಷ್ಟಕ ಬಿಚ್ಚಿ ಚಿತ್ರ ಮಾಡಿದೆ.
ರಾತ್ರಿಬಣ್ಣ ಒತ್ತಿದರೆ
ಗೀಟೆಲ್ಲ ಕಪ್ಪಿನೊಳಗೆ ಕಪ್ಪಾಗಿ ಮುಳುಗಿತು.
ಅಡಿಗೆ ಒಂದು ಬಿಳಿ ಹಾಸಿದೆ,
ಕೂಸಿನ ಕೆಳಗೆ ಬಟ್ಟೆ ಹಾಸಿದ ಹಾಗೆ.
ಅಕ್ಷರ ಹಿಗ್ಗಿಸಿದರೆ ತಲೆಬರಹ ಒಂದು ಪುಟದಲ್ಲಿ ಒಂಟಿ,
ಮಾತು ಇನ್ನೊಂದರಲ್ಲಿ.
ಇವರನ್ನು ಅಗಲಿಸಬೇಡ ಎಂದು ಕಡತಕ್ಕೆ ಬರೆದೆ.
ಫೋನು ಕೇಳಿತು. ಟ್ಯಾಬ್ಲೆಟ್ಟು ಕೇಳಲಿಲ್ಲ.

ಕಣ್ಣು ಹೋದ ಬಿಲ್ಲಾ ಅಜ್ಜಿಗೆ ಯಂತ್ರವೇ ಓದಿ ಹೇಳಬೇಕು.
ಚಿತ್ರದ ಹಿಂದೆ ಗುಟ್ಟಾಗಿ ಬರೆದಿಟ್ಟೆ:
ಎರಡು ಬಿಳಿ, ಒಂದು ಕಂದು, ಎರಡು ಬಿಳಿ.
ಕೇಳುತ್ತ ಕೇಳುತ್ತ
ಅವಳ ಬೆರಳು ಬರಿಗಾಳಿಯಲ್ಲಿ ಆಡಿದವು.

ಒಂಬತ್ತನೆಯ ದಿನ ಮಾವನ ಓಲೆ:
"ಪುಸ್ತಕ ತೆರೆಯಿತು. ಚೆನ್ನಾಗಿದೆ.
ನಡುನಡುವೆ ಚೌಕಗಳಿವೆಯಲ್ಲ, ಅವು ಯಾವ ಕುಣಿಕೆ?"

ಚೌಕವೆ? ನಾನು ಹಾಕಿದ್ದಲ್ಲ.
ಫೋಟೋ ತರಿಸಿ ನೋಡಿದೆ.

ನಮ್ಮಲ್ಲೊಂದು ಅಕ್ಷರವಿದೆ,
ಬೆನ್ನು ಬಾಗಿದ್ದು, ಕೊರಳಿಗೊಂದು ಅಡ್ಡಗೀಟು.
ಬರೆಯುತ್ತೇವೆ, ಉಚ್ಚರಿಸುವುದಿಲ್ಲ.
ನೂಲು ಎಂಬ ನಮ್ಮ ಮಾತಿನ ನಡುವೆ ಅದಿದೆ,
ಹವೆ ಎಂಬುದರಲ್ಲಿದೆ,
ಅಮ್ಮ ಎಂಬುದರಲ್ಲಿಯೂ.
ಆ ಹಳೆ ಪೆಟ್ಟಿಗೆಯ ಅಚ್ಚಿನಲ್ಲಿ ಅದಿಲ್ಲ.
ಇಲ್ಲದ ಕಡೆ ಪೆಟ್ಟಿಗೆ
ಒಂದು ಖಾಲಿ ಚೌಕ ಇಟ್ಟು ಮುಂದಕ್ಕೆ ಹೋಗುತ್ತದೆ.
ನಾಲಿಗೆ ದಾಟಿಕೊಂಡೇ ಬಂದದ್ದನ್ನು
ಕಣ್ಣು ಮೊದಲ ಸಲ ಎಡವಿತು.

ಅಕ್ಷರಶೈಲಿಯನ್ನು ಕಡತದೊಳಗೇ ಹೊಲಿದು ಕಳಿಸಿದೆ.
ಎರಡು ಪಟ್ಟು ಭಾರ;
ಹಡಗಿನ ಉಪಗ್ರಹದ ದಾರಿ ಕಿರಿದು,
ಅರ್ಧಕ್ಕೇ ಕಡಿಯಿತು. ಮತ್ತೆ ಕಳಿಸಿದೆ. ಮತ್ತೆ.
"ಸಾಕು ಬಿಡು" ಎಂದು ಬರೆದ ಮಾವ.
"ಅಕ್ಕನ ನಕಾಶೆಯಲ್ಲಿ ಖಾಲಿ ಚೌಕ ಎಂದರೆ
ಹಿನ್ನೆಲೆ ಬಣ್ಣದ ಕುಣಿಕೆ ತಾನೆ?
ಹಾಗೇ ಓದಿಕೊಂಡೆ.
ಎಡತೋಳು ಮೊಣಕೈ ತನಕ ಬಂತು."

ರಸೀತಿಗಳನ್ನು ಡಬ್ಬಿಗೆ ತುಂಬುವಾಗ ಒಂದರ ಮೇಲೆ,
ಮೀನಿನ ತೂಕ ಬರೆವ ಜಾಗದಲ್ಲಿ, ಅವಳ ಕೈಬರಹ:
ನೂಲು ಸಾಲದು.
ಅವಸರಕ್ಕೋ ಏನೋ
ಆ ಮೂಕ ಅಕ್ಷರ ಬಿಟ್ಟೇ ಬರೆದಿದ್ದಾಳೆ.
ನಾನು ಅದನ್ನು ಸೇರಿಸಿ ಟೈಪು ಮಾಡಿದ್ದೆ.

ಅಳಿಸಿದೆ.